ಉಸಿರಿನ ಪಾಠಕ್ಕೆ ಅಂಕ ಕೊಡುವವರು ಯಾರು?

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಮನೋವೈದ್ಯನಲ್ಲ. ಧ್ಯಾನ ಕಲಿಸುವ ಗುರುವೂ ಅಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಒಂದು ಕಾಗದ ತಂದವನು ನಾನೇ ಮೊದಲು. ಕವಿತೆ ಬರೆಯುತ್ತೇನೆ, ಅದರಿಂದ ಒಲೆ ಉರಿಯುವುದಿಲ್ಲವಾದ್ದರಿಂದ ಸಿಕ್ಕಿದ ಕೆಲಸ ಮಾಡುತ್ತೇನೆ. ಹಾಗೆ ಸಿಕ್ಕಿದ ಎಂಟು ವಾರದ ಒಂದು ಕೆಲಸ ನನ್ನ ನಿದ್ದೆ ಕೆಡಿಸಿತು. ಅದರ ವಿಮರ್ಶೆ ಇದು. ಕವನ ಸಂಕಲನವನ್ನು, ಕಾದಂಬರಿಯನ್ನು ವಿಮರ್ಶೆ ಮಾಡುವ ನಾವು ಒಂದು ಕಾರ್ಯಕ್ರಮವನ್ನೂ ಹಾಗೆಯೇ ಕೈಗೆತ್ತಿಕೊಂಡು ನೋಡಬೇಕು ಅಂತ ನನ್ನ ನಂಬಿಕೆ. ಯಾಕೆಂದರೆ ನಮ್ಮ ಜನರ ಕೇರಿಗಳಿಗೆ ಈಗ ಪುಸ್ತಕಕ್ಕಿಂತ ಮುಂಚೆ ಕಾರ್ಯಕ್ರಮಗಳು ಬಂದು ತಲುಪುತ್ತಿವೆ.

ಪಂಪ್‌ವೆಲ್ ನೋಡದವರಿಗೆ ಹೇಳಬೇಕು. ಬೆಂಗಳೂರು ಕಡೆಯಿಂದ ಮಂಗಳೂರಿಗೆ ಬರುವ ದಾರಿಯೂ ಕೇರಳ-ಗೋವೆಗಳ ನಡುವೆ ಓಡುವ 66ನೇ ಹೆದ್ದಾರಿಯೂ ಕೂಡುವ ಸರ್ಕಲ್ ಅದು. ಕಾಗದದಲ್ಲಿ ಮಹಾವೀರ ವೃತ್ತ, ಬಸ್ಸಿನವರ ಬಾಯಲ್ಲಿ ಪಂಪ್‌ವೆಲ್. ಅಲ್ಲಿನ ಮೇಲ್ಸೇತುವೆ ವರ್ಷಗಟ್ಟಲೆ ಎಳೆದಾಡಿ 2020ರ ಜನವರಿ 31ರಂದು ತೆರೆಯಿತು. ಮುಗಿಯದೆ ನಿಂತಿದ್ದಷ್ಟು ಕಾಲ ಅದು ಊರಿಗೆಲ್ಲ ತಮಾಷೆಯ ವಸ್ತುವಾಗಿತ್ತು. ತಮಾಷೆ ಮಾಡಿದವರಲ್ಲಿ ಒಬ್ಬರಾದರೂ ಅದಕ್ಕೆ ಕಬ್ಬಿಣ ಕಟ್ಟಿದವರು ಯಾರು, ಕಾಂಕ್ರೀಟು ಹೊತ್ತವರು ಯಾರು ಅಂತ ಕೇಳಿದ್ದನ್ನು ನಾನು ಕಾಣೆ. ಈ ಊರಿನಲ್ಲಿ ಅಡಿಪಾಯ ತೋಡುವವರಲ್ಲಿ ಬಹಳ ಮಂದಿ ಬಾಗಲಕೋಟೆ, ಕೊಪ್ಪಳ, ಗದಗ, ವಿಜಯಪುರದ ಕಡೆಯವರು. ಊರವರು ಅವರನ್ನು ಘಟ್ಟದವರು ಅನ್ನುತ್ತಾರೆ. ನನ್ನ ಅಪ್ಪ, ಕಾಕಾ ಆ ಘಟ್ಟದವರೇ. ನಾನು ಅವರ ಶೆಡ್ಡಿನಿಂದಲೇ ಕಾಲೇಜಿಗೆ ಹೋದವನು.

ಆ ಸರ್ಕಲ್ಲಿನಿಂದ ನಡೆದು ಹೋಗುವಷ್ಟು ದೂರದ ಒಂದು ಹಾಲ್‌ನಲ್ಲಿ, ಆಘಾತದಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಎಂಟು ಭಾನುವಾರ ಮೈಂಡ್‌ಫುಲ್‌ನೆಸ್ ಕಲಿಸುವ ಕಾರ್ಯಕ್ರಮ ನಡೆಯಿತು. ನಡೆಸಿದವರ ಹೆಸರು ಬೇಡ. ತಪ್ಪು ಅವರೊಬ್ಬರದಾಗಿದ್ದರೆ ಹೆಸರು ಹೇಳಿ ಮುಗಿಸಬಹುದಿತ್ತು. ನನ್ನ ಕೆಲಸ ಇಷ್ಟೇ: ಮೊದಲ ದಿನವೂ ಕೊನೆಯ ದಿನವೂ ಬಂದವರಿಗೆ ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಹೇಳಿ, ಅವರು ಹೇಳಿದ ಉತ್ತರಕ್ಕೆ ಗುರುತು ಹಾಕಿ, ಹಾಳೆ ತುಂಬಿಸಿ ಕೊಡುವುದು. ಮೌಲ್ಯಮಾಪನ ಅಂತ ಅದಕ್ಕೆ ಹೆಸರು. ಬಂದವರಲ್ಲಿ ನನ್ನ ಕಾಕಾನೂ ಒಬ್ಬ.

ಕಾಕಾನ ಕಥೆ ಚಿಕ್ಕದು. ಅಡಿಪಾಯ ತೋಡುವಾಗ ಪಕ್ಕದ ಮಣ್ಣು ಜಾರಿತು. ಕಾಕಾ ಕುತ್ತಿಗೆತನಕ ಹೂತುಹೋದ. ಅವನ ಜೊತೆಗಾರ ಪೂರಾ ಹೂತುಹೋದ. ಕಾಕಾನನ್ನು ಎಳೆದು ತೆಗೆದರು. ಜೊತೆಗಾರನ ಹೆಣ ತೆಗೆದರು. ಆಮೇಲಿಂದ ಕಾಕಾ ದೀಪ ಆರಿಸಿ ಮಲಗುವುದಿಲ್ಲ. ಹಂಚಿನ ಮೇಲೆ ಮಳೆ ಜೋರಾದರೆ ಎದ್ದು ಹೊರಗೆ ಹೋಗಿ ನೆನೆಯುತ್ತಾ ನಿಲ್ಲುತ್ತಾನೆ.

2

ಮೈಂಡ್‌ಫುಲ್‌ನೆಸ್ ಅಂದರೇನು? ಈ ಗಳಿಗೆಯಲ್ಲಿ ಮೈಯಲ್ಲಿ, ಮನಸ್ಸಿನಲ್ಲಿ ಏನು ನಡೆಯುತ್ತಿದೆಯೋ ಅದನ್ನು ಒಳ್ಳೆಯದು ಕೆಟ್ಟದ್ದು ಅನ್ನದೆ ಗಮನಿಸುವುದು. ಉಸಿರು ಬರುವುದನ್ನು ಹೋಗುವುದನ್ನು ನೋಡುವುದು. ಬೇರು ಬೌದ್ಧರದು. 1979ರಲ್ಲಿ ಅಮೆರಿಕದ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಎಂಬುವರು ಅದರ ಧರ್ಮದ ಮಾತುಗಳನ್ನು ಬದಿಗಿಟ್ಟು, ವಾಸಿಯಾಗದ ನೋವಿನವರಿಗಾಗಿ ಎಂಟು ವಾರದ ಪಾಠ ಮಾಡಿದರು. ಈಗ ಲೋಕದಲ್ಲೆಲ್ಲ ನಡೆಯುವ ಎಂಟು ವಾರದ ಪಾಠಗಳು ಹೆಚ್ಚಾಗಿ ಅದರ ಮಕ್ಕಳು, ಮೊಮ್ಮಕ್ಕಳು.

ನಮ್ಮ ಹಾಲ್‌ನಲ್ಲಿ ಕಲಿಸಲು ಬಂದ ಹೆಣ್ಣುಮಗಳು ಒಳ್ಳೆಯವರು. ಅವರ ಮಾತಿನಲ್ಲಿ ದೊಡ್ಡಸ್ತಿಕೆ ಇರಲಿಲ್ಲ. ಎಲ್ಲರ ಜೊತೆ ಚಹಾ ಕುಡಿದರು, ಯಾರನ್ನೂ ಜಾತಿ ಕೇಳಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ನಮ್ಮ ಪತ್ರಿಕೆಗಳಲ್ಲಿ ಎದುರಿನವರನ್ನು ಖಳರನ್ನಾಗಿ ಮಾಡಿ ಸುಲಭವಾಗಿ ಗೆಲ್ಲುವ ಒಂದು ಚಾಳಿ ಇದೆ. ಇಲ್ಲಿ ಖಳರಿಲ್ಲ. ಖಳರಿಲ್ಲದೆಯೂ ಪಾಠ ಹೇಗೆ ಸೋಲುತ್ತದೆ ಅನ್ನುವುದು ನನ್ನ ಪ್ರಶ್ನೆ.

ಎರಡನೇ ಭಾನುವಾರ ಎಲ್ಲರನ್ನೂ ಕೂರಿಸಿ ಕಣ್ಣು ಮುಚ್ಚಿಸಿ ಉಸಿರು ಗಮನಿಸಿ ಅಂದರು. ಸ್ವಲ್ಪ ಹೊತ್ತಿಗೆ ಕಾಕಾ ಎದ್ದ. ಕುರ್ಚಿ ಉರುಳಿತು. ಹೊರಗೆ ಓಡಿ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಬೆನ್ನು ನೀವಲು ಹೋದೆ. ಅವನು ಹೇಳಿದ್ದು ಇದು:

"ತಮ್ಮಾ, ಉಸ್ರು ನೋಡು ಅಂತಾರ. ಕಣ್ಣ ಮುಚ್ಚಿ ಉಸ್ರು ನೋಡಾಕ ಹ್ವಾದ್ರ ನಂಗ ಮಣ್ಣ ಕಾಣ್ತೈತಿ. ಮೂಗಿನ್ಯಾಗ ಮಣ್ಣ, ಬಾಯಾಗ ಮಣ್ಣ. ಉಸ್ರು ಎಲ್ಲೈತಿ ನೋಡಾಕ?"

ಗೆಳೆಯರೆ, ಮಣ್ಣಿನಲ್ಲಿ ಉಸಿರು ಕಟ್ಟಿದವನಿಗೆ ಉಸಿರೇ ಗಾಯ. ಆ ಗಾಯದ ಮೇಲೆ ಬೆರಳಿಟ್ಟು ಇಲ್ಲಿ ನೋಡು, ಸಮಾಧಾನ ಇದೆ ಅಂದರೆ ಅವನು ಓಡದೆ ಏನು ಮಾಡಿಯಾನು? ಇದು ನನ್ನ ಕಾಕಾನೊಬ್ಬನ ವಿಚಿತ್ರ ಅಲ್ಲ. ಕಣ್ಣು ಮುಚ್ಚಿ ಒಳಗೆ ನೋಡುವಾಗ ಹಳೆಯ ಆಘಾತ ಮರುಕಳಿಸುವುದುಂಟು ಅಂತ ಈ ವಿದ್ಯೆ ಬಲ್ಲವರೇ ಬರೆದಿದ್ದಾರೆ. 2018ರಲ್ಲಿ ಡೇವಿಡ್ ಟ್ರೆಲಿವನ್ ಎಂಬುವರು ಆಘಾತ ಉಂಡವರಿಗೆ ಈ ಪಾಠವನ್ನು ಹೇಗೆ ಬದಲಾಯಿಸಿ ಹೇಳಬೇಕು ಅನ್ನುವುದಕ್ಕೇ ಒಂದು ಪುಸ್ತಕ ಬರೆದರು. ಉಪಾಯಗಳು ಕಷ್ಟದವಲ್ಲ: ಕಣ್ಣು ತೆರೆದೇ ಕೂರಲಿ. ಉಸಿರಿನ ಬದಲು ನೆಲದ ಮೇಲಿನ ಪಾದವನ್ನೋ ಹೊರಗಿನ ಸದ್ದನ್ನೋ ಗಮನಿಸಲಿ. ಬೇಡವೆನಿಸಿದಾಗ ಎದ್ದು ಹೋಗಲು ಅಪ್ಪಣೆ ಇರಲಿ, ಬಾಗಿಲು ತೆರೆದಿರಲಿ. ಇಷ್ಟು ಮಾಡಲು ದುಡ್ಡು ಬೇಡ. ಬಂದವನ ಮೈಮೇಲೆ ಏನು ಬಿದ್ದಿತ್ತು ಅಂತ ಮೊದಲು ಕೇಳಿದ್ದರೆ ಸಾಕಿತ್ತು.

3

ಈಗ ಆ ಹಾಳೆಯ ಮಾತಿಗೆ ಬರುತ್ತೇನೆ. ನಿಜವಾದ ರಾಜಕೀಯ ಇರುವುದು ಅಲ್ಲಿ.

ಮೊದಲ ಭಾನುವಾರ ತುಂಬಿದ್ದ ಕುರ್ಚಿಗಳಲ್ಲಿ ಕೊನೆಯ ಭಾನುವಾರ ಸುಮಾರು ಅರ್ಧ ಖಾಲಿ. ಭಾನುವಾರವೂ ಕೆಲಸ ಸಿಕ್ಕಿದವರು ಬರಲಿಲ್ಲ. ಒಂದು ದಿನದ ಕೂಲಿ ಬಿಟ್ಟು ಉಸಿರು ನೋಡಲು ಯಾರು ಬರುತ್ತಾರೆ? ಕಾಕಾನಂತೆ ಓಡಿಹೋದವರು ಬರಲಿಲ್ಲ. ಉಳಿದವರ ಹಾಳೆಯ ಮೊದಲ ಅಂಕ, ಕೊನೆಯ ಅಂಕ ಹೋಲಿಸಿದರು. ಅಂಕ ಇಳಿದಿತ್ತು, ಅಂದರೆ ನರಳಾಟ ಕಡಿಮೆ ಆಗಿತ್ತು. ಕಾರ್ಯಕ್ರಮ ಯಶಸ್ವಿ ಅಂತ ವರದಿ ಆಯಿತು. ಓಡಿಹೋದವರ ಹೆಸರಿನ ಮುಂದೆ ಬರೆಯಲು ಒಂದೇ ಕಾಲಂ ಇತ್ತು: ಅರ್ಧಕ್ಕೆ ಬಿಟ್ಟರು. ಯಾಕೆ ಬಿಟ್ಟರು ಅನ್ನುವುದಕ್ಕೆ ಜಾಗ ಇರಲಿಲ್ಲ. ಶಾಲೆ ಬಿಟ್ಟ ಮಕ್ಕಳ ಲೆಕ್ಕ ಬರೆಯುವ ಮೇಷ್ಟ್ರುಗಳಿಗೆ ಈ ಕಾಲಂ ಚೆನ್ನಾಗಿ ಗೊತ್ತಿರುತ್ತದೆ. ಮಗು ಶಾಲೆ ಬಿಟ್ಟಿತು ಅಂತ ಬರೆಯುತ್ತೇವೆ, ಶಾಲೆ ಮಗುವನ್ನು ಬಿಟ್ಟಿತು ಅಂತ ಬರೆಯಲು ಜಾಗ ಇರುವುದಿಲ್ಲ.

ಎರಡನೆಯದು ಮರ್ಯಾದೆಯ ಸಮಸ್ಯೆ. ಎಂಟು ವಾರ ಚಹಾ ಕೊಟ್ಟವರ ಮುಂದೆ ಕೂತು ನಿಮ್ಮಿಂದ ನನಗೆ ಏನೂ ಆಗಲಿಲ್ಲ ಅಂತ ಹೇಳುವ ಬಡವರನ್ನು ನಾನು ನೋಡಿಲ್ಲ. "ಒಳ್ಳೇದೇ ಆತ್ರೀ" ಅಂತ ಹೇಳಿ ಕೈಮುಗಿದು ಹೋಗುತ್ತಾರೆ. ಆ ಕೈಮುಗಿತಕ್ಕೂ ನಾನು ಅಂಕ ಹಾಕಿದೆ.

ಮೂರನೆಯದು ಪ್ರಶ್ನೆಯದೇ ತೊಂದರೆ. ಆದ ಘಟನೆಯ ಕಹಿ ನೆನಪು ಎಷ್ಟು ಕಾಡಿತು ಅಂತ ಒಂದು ಪ್ರಶ್ನೆ. ಮೊದಲ ದಿನ ಅದನ್ನು ಕಾಕಾನಿಗೆ ಓದಿ ಹೇಳಿದೆ. ಅವನು ತಿರುಗಿ ನನ್ನನ್ನೇ ಕೇಳಿದ: "ಯಾವ ನೆಪ್ಪು ತಮ್ಮಾ? ಮಣ್ಣ ಬಿದ್ದದ್ದೋ, ಅವನ ಹೇಣ್ತಿನ್ನ ಬರಿಗೈಲೆ ಊರಿಗಿ ಕಳಿಸಿದ್ದೋ?" ನನ್ನ ಹಾಳೆಯಲ್ಲಿ ಮೊದಲನೆಯದು ಘಟನೆ. ಎರಡನೆಯದು ಏನೂ ಅಲ್ಲ. ಅವನಿಗೆ ಎರಡೂ ಒಂದೇ ಗಾಯ. ರಾತ್ರಿ ಕಾಡುವುದು ಎರಡನೆಯದೇ ಜಾಸ್ತಿ.

ನಾಲ್ಕನೆಯದು ಹೋಲಿಕೆ. ಗಂಗಾಳದ ಅನ್ನ ಒಳ್ಳೆಯದೋ ಕೆಟ್ಟದ್ದೋ ಅಂತ ಹೇಳಲು ಇನ್ನೊಂದು ಗಂಗಾಳ ಬೇಕು. ಅದೇ ಜನರನ್ನು ಅದೇ ಹಾಲ್‌ನಲ್ಲಿ ಕೂರಿಸಿ, ಚಹಾ ಕೊಟ್ಟು, ತಮ್ಮತಮ್ಮ ಕಷ್ಟ ಮಾತಾಡಿಕೊಳ್ಳಲು ಬಿಟ್ಟಿದ್ದರೆ ಏನಾಗುತ್ತಿತ್ತು? ಆಸ್ಪತ್ರೆಯೊಂದರಲ್ಲಿ ಗುತ್ತಿಗೆ ಮೇಲೆ ನೆಲ ಒರೆಸುವ ಒಬ್ಬ ಅಕ್ಕ ಇದ್ದರು. ಎಂಟು ವಾರವೂ ತಪ್ಪದೆ ಬಂದರು. ಅವರಿಗೆ ನಿದ್ದೆ ಬರಲು ಶುರುವಾಯಿತು, ಅದು ಸುಳ್ಳಲ್ಲ. ಏನು ಉಪಕಾರ ಆಯಿತು ಅಂತ ಕೇಳಿದ್ದಕ್ಕೆ ಅವರೆಂದದ್ದು: "ಒಂದು ಗಂಟೆ ನನ್ನನ್ನು ಯಾರೂ ಕರೀಲಿಲ್ಲ ಮಾರಾಯ್ರೆ. ಮನೆಯಲ್ಲಿ ಕರೀತಾರೆ, ಕೆಲಸದಲ್ಲಿ ಕರೀತಾರೆ. ಇಲ್ಲಿ ಯಾರೂ ಕರೀಲಿಲ್ಲ." ನಾನು ಹಾಳೆಯಲ್ಲಿ ಉಸಿರಿನ ಪಾಠದಿಂದ ನಿದ್ದೆ ಸುಧಾರಿಸಿದೆ ಅಂತ ಗುರುತು ಹಾಕಿದೆ. ಉಸಿರಿನಿಂದಲೋ, ಯಾರೂ ಕರೆಯದ ಆ ಒಂದು ಗಂಟೆಯಿಂದಲೋ ಅಂತ ಹೇಳುವ ದಾರಿ ನನ್ನ ಹಾಳೆಗೆ ಗೊತ್ತಿರಲಿಲ್ಲ.

4

ಈ ಹೋಲಿಕೆಯನ್ನು ಸರಿಯಾಗಿ ಮಾಡಿದವರು ಇದ್ದಾರೆ. ಅಮೆರಿಕದ ಮಿನಿಯಾಪೊಲಿಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಯುದ್ಧದ, ಬೇರೆ ಆಘಾತಗಳ ಕಾಟದಿಂದ ನರಳುತ್ತಿದ್ದ 116 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೈಂಡ್‌ಫುಲ್‌ನೆಸ್ ಪಾಠ. ಇನ್ನೊಂದು ಗುಂಪಿಗೆ ಸುಮ್ಮನೆ ಕೂಡಿ ಕೂತು ಇವತ್ತಿನ ಬದುಕಿನ ಕಷ್ಟಗಳನ್ನು ಮಾತಾಡುವ ಸಭೆ. 2015ರಲ್ಲಿ ಫಲಿತಾಂಶ ಬಂತು. ಪಾಠ ಮುಗಿದು ಎರಡು ತಿಂಗಳಾದ ಮೇಲೆ, ತಮ್ಮ ನರಳಾಟ ಗಣನೀಯವಾಗಿ ಇಳಿದಿದೆ ಎಂದವರು ಮೊದಲ ಗುಂಪಿನಲ್ಲಿ ಶೇಕಡ 48.9, ಎರಡನೆಯದರಲ್ಲಿ ಶೇಕಡ 28.1. ಇಲ್ಲಿಗೆ ನಿಲ್ಲಿಸಿದರೆ ಪಾಠ ಗೆದ್ದಿತು. ಆದರೆ ವೈದ್ಯರೇ ಪರೀಕ್ಷೆ ಮಾಡಿ ಈಗ ಇವರಿಗೆ ಆ ಕಾಯಿಲೆ ಇಲ್ಲ ಎಂದದ್ದು ಮೊದಲ ಗುಂಪಿನಲ್ಲಿ ಶೇಕಡ 53.3, ಎರಡನೆಯದರಲ್ಲಿ ಶೇಕಡ 47.3. ಅದನ್ನು ದೊಡ್ಡ ವ್ಯತ್ಯಾಸ ಅನ್ನುವಂತಿಲ್ಲ ಅಂತ ಸಂಶೋಧಕರೇ ಒಪ್ಪಿದರು. ಇನ್ನೊಂದು ಲೆಕ್ಕ ನನ್ನನ್ನು ಹಿಡಿದು ನಿಲ್ಲಿಸಿತು. ಅರ್ಧಕ್ಕೆ ಬಿಟ್ಟವರು ಮೈಂಡ್‌ಫುಲ್‌ನೆಸ್ ಗುಂಪಿನಲ್ಲಿ ಶೇಕಡ 22.4. ಮಾತಾಡುವ ಗುಂಪಿನಲ್ಲಿ ಶೇಕಡ 6.9. ಅವರು ಬಿಟ್ಟವರನ್ನೂ ಎಣಿಸಿದರು, ಎಣಿಸಿ ಜಗತ್ತಿಗೆ ಹೇಳಿದರು. ನಮ್ಮ ಹಾಲ್‌ನಲ್ಲಿ ಆಗದೆ ಹೋದದ್ದು ಅದೇ.

2014ರಲ್ಲಿ ಇಂಥ 47 ಪ್ರಯೋಗಗಳನ್ನು, ಒಟ್ಟು 3,515 ಮಂದಿಯ ಅನುಭವವನ್ನು, ಒಟ್ಟಿಗೆ ತೂಗಿದ ಒಂದು ಅಧ್ಯಯನ ಬಂತು. ಆತಂಕ, ಖಿನ್ನತೆ, ನೋವು ಇವುಗಳಿಗೆ ಧ್ಯಾನದಿಂದ ತಕ್ಕಮಟ್ಟಿನ ಉಪಶಮನ ಇದೆ. ಆದರೆ ವ್ಯಾಯಾಮ, ಔಷಧಿ, ಬೇರೆ ಚಿಕಿತ್ಸೆಗಳಿಗಿಂತ ಅದು ಮೇಲು ಅನ್ನಲು ಆಧಾರ ಇಲ್ಲ ಅಂದಿತು. ಬ್ರಿಟನ್ನಿನಲ್ಲಿ 8,000ಕ್ಕೂ ಹೆಚ್ಚು ಶಾಲಾ ಮಕ್ಕಳನ್ನು ಸೇರಿಸಿಕೊಂಡು ಈ ಪಾಠವನ್ನು ಮಾಮೂಲು ಪಾಠದ ಜೊತೆ ಹೋಲಿಸಿ ನೋಡಿದ ದೊಡ್ಡ ಪ್ರಯೋಗದ ಫಲ 2022ರಲ್ಲಿ ಹೊರಬಂತು. ಮಾಮೂಲು ಪಾಠಕ್ಕಿಂತ ಅದು ಮಕ್ಕಳ ಮನಸ್ಸಿಗೆ ಹೆಚ್ಚೇನೂ ಮಾಡಲಿಲ್ಲ. ನಾಳೆ ನಿಮ್ಮ ಶಾಲೆಗೆ ಸುತ್ತೋಲೆ ಬಂದಾಗ ಮೇಷ್ಟ್ರುಗಳು ಇದನ್ನು ನೆನಪಿಟ್ಟುಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆಘಾತದ ಕಾಯಿಲೆಗೆ ಸೂಚಿಸಿದ್ದರಲ್ಲಿ ಮುಖ್ಯವಾದದ್ದು, ತರಬೇತಾದವರ ಜೊತೆ ಕೂತು ಆ ಘಟನೆಯನ್ನೇ ಎದುರಿಸಿ ಬಿಡಿಸಿಕೊಳ್ಳುವ ಮಾತಿನ ಚಿಕಿತ್ಸೆ. ಅಂದರೆ ಉಸಿರಿನ ಪಾಠ ಒಂದು ಊರುಗೋಲು ಆಗಬಹುದು. ಅದನ್ನೇ ಕಾಲು ಅಂತ ಮಾರಬಾರದು.

5

ಈ ಕಾಯಿಲೆಗೆ ಹೆಸರು ಬಂದದ್ದು ಹೇಗೆ ಅನ್ನುವುದು ನಮ್ಮ ಚಳವಳಿಯ ಗೆಳೆಯರು ತಿಳಿಯಬೇಕಾದ ಕಥೆ. ವಿಯಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು, ಯುದ್ಧವನ್ನೇ ವಿರೋಧಿಸಿ ಸಂಘ ಕಟ್ಟಿದವರು, 1970ರಲ್ಲಿ ನ್ಯೂಯಾರ್ಕಿನಲ್ಲಿ ಸುತ್ತು ಕೂತು ತಾವು ಕಂಡದ್ದನ್ನು ಮಾಡಿದ್ದನ್ನು ಮಾತಾಡತೊಡಗಿದರು. ರಾಬರ್ಟ್ ಲಿಫ್ಟನ್, ಚೈಮ್ ಶಾಟನ್ ಎಂಬ ಮನೋವೈದ್ಯರು ಅವರ ಜೊತೆ ಕೂತರು. ಇವರ ನರಳಾಟ ಹುಟ್ಟು ದೌರ್ಬಲ್ಯ ಅಲ್ಲ, ಲೋಕ ಇವರಿಗೆ ಮಾಡಿದ್ದರ ಫಲ ಅಂತ ವರ್ಷಗಟ್ಟಲೆ ವಾದ ಮಾಡಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕಾಯಿಲೆಗಳ ಪಟ್ಟಿಗೆ ಆಘಾತೋತ್ತರ ಬೇನೆಯನ್ನು ಸೇರಿಸಿತು. ಹೊಡೆತ ತಿಂದ ಹೆಂಗಸರ ನೋವನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದವರು ಸ್ತ್ರೀವಾದಿಗಳು. ಆ ಚಳವಳಿಯಿಂದ ಬಂದ ವೈದ್ಯೆ ಜುಡಿತ್ ಹರ್ಮನ್ 1992ರ ತಮ್ಮ ಪುಸ್ತಕದಲ್ಲಿ ಚೇತರಿಕೆಗೆ ಮೂರು ಮೆಟ್ಟಿಲು ಹೇಳಿದರು: ಮೊದಲು ಸುರಕ್ಷತೆ, ಆಮೇಲೆ ನೆನೆದು ಶೋಕಿಸುವುದು, ಆಮೇಲೆ ಜನರ ನಡುವೆ ಮರಳಿ ಬಾಳುವುದು.

ಈ ಮೂರು ಮೆಟ್ಟಿಲಿನ ಮುಂದೆ ನಮ್ಮ ಹಾಲ್‌ನ ಪಾಠವನ್ನು ಇಟ್ಟು ನೋಡಿ. ಅದು ಮೊದಲನೆಯದನ್ನು ಆಗಿಹೋಗಿದೆ ಅಂತ ಅಂದುಕೊಂಡಿತು. ನೆಲ ಒರೆಸುವ ಅಕ್ಕ ಅಲ್ಲಿಗೆ ಬಂದದ್ದು ಗಂಡನ ಹೊಡೆತದಿಂದ. ಏಳನೇ ವಾರ ಅವರು ನನ್ನ ಹತ್ತಿರ ಅಂದರು: "ಆದದ್ದನ್ನು ಬಿಟ್ಟುಬಿಡಿ ಅಂತ ಹೇಳ್ತಾರೆ. ಬಿಡ್ಲಿಕ್ಕೆ ಅದು ಮುಗೀಬೇಕಲ್ಲ? ಮನೆಗೆ ಹೋದ್ರೆ ಬಾಗಿಲು ತೆಗೆಯುವವ ಅವನೇ." ಕೌಟುಂಬಿಕ ಹಿಂಸೆ ತಡೆಯಲು 2005ರಲ್ಲಿ ಕಾನೂನು ಬಂತು, ಅದರಲ್ಲಿ ರಕ್ಷಣಾಧಿಕಾರಿ ಅಂತ ಒಬ್ಬರಿರುತ್ತಾರೆ ಅನ್ನುವುದನ್ನು ಎಂಟು ವಾರದಲ್ಲಿ ಯಾರೂ ಅವರಿಗೆ ಹೇಳಲಿಲ್ಲ. ಕೊನೆಗೆ ಹೇಳಿದವನು ಹಾಳೆ ತುಂಬಿಸುವ ನಾನು. ಆಘಾತೋತ್ತರ ಅನ್ನುವ ಮಾತಿನಲ್ಲಿ ಉತ್ತರ ಅಂದರೆ ಆಮೇಲೆ. ನಮ್ಮ ಜನರಿಗೆ ಆ ಆಮೇಲೆ ಬಂದೇ ಇಲ್ಲ.

ಕಂಬಾಲಪಲ್ಲಿಯನ್ನು ನೆನಪಿಸಿಕೊಳ್ಳಿ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಆ ಊರಿನಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಉಳಿದವರಿಗೆ ಈ ಗಳಿಗೆಯನ್ನು ಮಾತ್ರ ಗಮನಿಸಿ ಅಂತ ಹೇಳಲು ಯಾವ ಗುರುವಿಗೆ ಬಾಯಿ ಬಂದೀತು? ಅವರ ಈ ಗಳಿಗೆಯಲ್ಲೇ ಭಯ ಇರುವಾಗ?

6

ಇಷ್ಟು ಹೊತ್ತು ಅವರನ್ನು ಅಂದೆ. ಈಗ ನಮ್ಮ ಕಡೆಗೂ ತಿರುಗಬೇಕು.

ಮನಸ್ಸಿನ ಬೇನೆಯನ್ನು ಹೊಟ್ಟೆ ತುಂಬಿದವರ ಚಟ ಅಂತ ನಕ್ಕವರು ನಾವು. ಬೆಂಡಿಗೇರಿಯಲ್ಲಿ 1987ರಲ್ಲಿ ದಲಿತರಿಗೆ ಮಲ ತಿನ್ನಿಸಿದ್ದರ ಮೇಲೆ ಭಾಷಣ ಮಾಡಿದೆವು, ಮೆರವಣಿಗೆ ಹೋದೆವು, ಕವಿತೆ ಬರೆದೆವು. ಆ ಹೋರಾಟ ಬೇಕಿತ್ತು. ಆದರೆ ಮೆರವಣಿಗೆ ಮುಗಿದ ರಾತ್ರಿ ಅವರು ಅನ್ನದ ಮುಂದೆ ಹೇಗೆ ಕೂತರು ಅಂತ ಎಷ್ಟು ಜನ ಕೇಳಿದ್ದೇವೆ? ನೊಂದವರನ್ನು ವೇದಿಕೆಗೆ ಕರೆತಂದು ಕೈಗೆ ಮೈಕು ಕೊಟ್ಟು ಹೇಳಮ್ಮಾ ಅನ್ನುತ್ತೇವೆ. ಆಕೆ ಊರೂರಿನಲ್ಲಿ ಅದನ್ನೇ ಹೇಳುತ್ತಾಳೆ, ನಾವು ಚಪ್ಪಾಳೆ ತಟ್ಟುತ್ತೇವೆ. ಆಮೇಲೆ ಆಕೆ ಒಬ್ಬಳೇ ಬಸ್ಸು ಹತ್ತಿ ಮನೆಗೆ ಹೋಗುತ್ತಾಳೆ. ಕಾಕಾನ ಗಾಯದ ಮೇಲೆ ಬೆರಳಿಟ್ಟವರನ್ನು ಬೈದೆನಲ್ಲ, ನಾವು ಮಾಡುವುದೂ ಅದೇ ಅಲ್ಲವೇ? ನನ್ನ ಮೊದಲ ಕವಿತೆ ಕಾಕಾನ ಮೇಲೆ ಬರೆದದ್ದು. ಓದಿ ಹೇಳಿದಾಗ ಅವನು ಎದ್ದು ಹೊರಗೆ ಹೋಗಿದ್ದ. ಕವಿತೆ ತಟ್ಟಿತು ಅಂತ ಆವತ್ತು ನಾನು ಹೆಮ್ಮೆಪಟ್ಟೆ. ಮೆಟ್ಟಿಲ ಮೇಲೆ ಅವನ ಏದುಸಿರು ಕೇಳಿದ ದಿನ ಆ ಹೆಮ್ಮೆ ಇಳಿಯಿತು.

7

ಹಾಗಾದರೆ ಉಸಿರು ನೋಡುವ ವಿದ್ಯೆಯನ್ನೇ ಬಿಸಾಡಬೇಕೇ? ಇಲ್ಲ. ಅದು ಅಮೆರಿಕದಿಂದ ಬಂದ ಸರಕು ಅಂತ ನಾವು ಯಾಕೆ ಒಪ್ಪಬೇಕು? ಪಂಪ್‌ವೆಲ್‌ನಿಂದ ಕದ್ರಿ ಬಹಳ ದೂರ ಇಲ್ಲ. ಅಲ್ಲಿನ ದೇವಸ್ಥಾನದಲ್ಲಿ ಆಳುಪ ದೊರೆ ಕುಂದವರ್ಮ ಮಾಡಿಸಿಟ್ಟ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಕ್ರಿ.ಶ. 968ರ ಅದರ ಶಾಸನ ಆ ಜಾಗವನ್ನು ವಿಹಾರ ಅನ್ನುತ್ತದೆ. ಮೂರ್ತಿ ಬೌದ್ಧರದೋ ನಾಥರದೋ ಅಂತ ವಿದ್ವಾಂಸರ ಜಗಳ ನಡೆದೇ ಇದೆ. ಜಗಳ ಏನೇ ಇರಲಿ, ಬುದ್ಧನ ಗಾಳಿ ಈ ಊರಿಗೆ ಹೊಸದಲ್ಲ.

ಪಾಲಿಯಲ್ಲಿ ಈ ಎಚ್ಚರಕ್ಕೆ ಸತಿ ಅನ್ನುತ್ತಾರೆ. ಸಂಸ್ಕೃತದ ಸ್ಮೃತಿಯೇ ಅದು. ಮೂಲದ ಅರ್ಥ ನೆನಪು. ಸ್ಮೃತಿ ಅಂದಕೂಡಲೇ ನಮಗೆ ಮನುವಿನ ಪುಸ್ತಕವೂ, 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರು ಅದನ್ನು ಸುಟ್ಟದ್ದೂ ನೆನಪಾಗುತ್ತದೆ. ಒಂದು ಸ್ಮೃತಿಯನ್ನು ಸುಟ್ಟವರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಇನ್ನೊಂದು ಸ್ಮೃತಿಯ ಕಡೆಗೆ ನಡೆದರು. ಅವರು ತೀರಿಕೊಂಡ ಮೇಲೆ 1957ರಲ್ಲಿ ಹೊರಬಂದ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಒಂದು ದೊಡ್ಡ ಮಾತಿದೆ. ಮುದುಕನನ್ನು, ರೋಗಿಯನ್ನು, ಹೆಣವನ್ನು ಕಂಡು ಸಿದ್ಧಾರ್ಥ ಮನೆ ಬಿಟ್ಟ ಅನ್ನುವ ಕಥೆಯನ್ನು ಅವರು ಒಪ್ಪುವುದಿಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳ ಬಂದಾಗ ಯುದ್ಧ ಬೇಡ ಎಂದದ್ದಕ್ಕೆ ಸಿದ್ಧಾರ್ಥ ಮನೆ ಬಿಡಬೇಕಾಯಿತು ಅನ್ನುತ್ತಾರೆ. ಅಂದರೆ ದುಃಖದ ಹುಟ್ಟು ಒಬ್ಬನ ಮನಸ್ಸಿನ ಒಳಗೆ ಮಾತ್ರ ಇಲ್ಲ, ಮನುಷ್ಯರು ಮನುಷ್ಯರಿಗೆ ಮಾಡುವುದರಲ್ಲಿ ಇದೆ. ಈ ಬುದ್ಧನನ್ನು ಬಿಟ್ಟು ಬರೀ ಉಸಿರನ್ನು ಎತ್ತಿಕೊಂಡು ಹೋದರೆ ಕೈಗೆ ಸಿಗುವುದು ನೆನಪು ಕಳೆದುಕೊಂಡ ಸ್ಮೃತಿ.

8

ಕೊನೆಗೆ, ಇಂಥ ಕಾರ್ಯಕ್ರಮ ನಿಮ್ಮ ಊರಿಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು. ಬಂದವರಿಗೆ ಆದದ್ದೇನು ಅಂತ ಮೊದಲು ಕೇಳಿದ್ದೀರಾ? ಅವರನ್ನು ಹೊಡೆದ ಕೈ ಇನ್ನೂ ಎತ್ತಿಯೇ ಇದೆಯಾ ಅಂತ ನೋಡಿದ್ದೀರಾ? ಕೂಲಿ ಹೋದರೆ ಕೊಡುತ್ತೀರಾ? ಯಾರಿಗಾದರೂ ಹೆಚ್ಚು ಕಮ್ಮಿ ಆದರೆ ಕರೆದುಕೊಂಡು ಹೋಗಲು ವೈದ್ಯರು ಗೊತ್ತಿದ್ದಾರಾ? ಅರ್ಧಕ್ಕೆ ಬಿಟ್ಟವರ ಮನೆಗೆ ಹೋಗಿ ಯಾಕೆ ಬಿಟ್ಟಿರಿ ಅಂತ ಕೇಳುತ್ತೀರಾ? ಎಂಟನೇ ವಾರದ ಅಂಕ ಸರಿ, ಎಂಟನೇ ತಿಂಗಳಲ್ಲಿ ಬರುತ್ತೀರಾ?

ಇವು ಆಗದ ಹೋಗದ ಬೇಡಿಕೆಗಳಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ನೌಕರರಿಗೆ ತರಬೇತಿ ಕೊಟ್ಟು ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಗೆ ತಂದು ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆ ಬಳ್ಳಾರಿಯೇ. ಅದು ಸರ್ಕಾರದ ಹೊಣೆ, ಯಾರದೋ ದಾನ ಅಲ್ಲ. 2022ರ ಅಕ್ಟೋಬರ್‌ನಿಂದ 14416 ಅನ್ನುವ ಟೆಲಿ-ಮಾನಸ್ ನಂಬರಿಗೆ ಫೋನ್ ಮಾಡಿದರೆ ಹಗಲು ರಾತ್ರಿ ಪುಕ್ಕಟೆಯಾಗಿ ಕನ್ನಡದಲ್ಲಿ ಮಾತಾಡಲು ಜನ ಇದ್ದಾರೆ. ಇದನ್ನು ಶಾಲೆಯ ಗೋಡೆಯ ಮೇಲೆ, ಸಂಘದ ಕಚೇರಿಯಲ್ಲಿ ಬರೆದಿಡಿ. ನಿದ್ದೆ ಬಾರದವರು ಹೋರಾಟದಲ್ಲಿ ಬಹಳ ದಿನ ಉಳಿಯುವುದಿಲ್ಲ.

ಕಾಕಾನ ಜೊತೆಗಾರನ ಹೆಂಡತಿಯ ಪರವಾಗಿ ಪರಿಹಾರದ ಅರ್ಜಿ ಹಾಕಿದ್ದೇವೆ. ಕಾಕಾ ಸಾಕ್ಷಿ. ಹೇಳಿಕೆ ಕೊಡುವ ದಿನ ಅವನ ಮಾತು ಎರಡು ಸಲ ನಿಂತಿತು. ಬಿಟ್ಟ ಚಪ್ಪಲಿಯ ಪಕ್ಕ ಪಾದಗಳನ್ನು ನೆಲಕ್ಕೆ ಒತ್ತಿ ನಿಂತು, ಕಣ್ಣು ತೆರೆದುಕೊಂಡೇ, ಪೂರ್ತಿ ಹೇಳಿ ಮುಗಿಸಿದ. ಅರ್ಜಿ ಇನ್ನೂ ತೀರ್ಮಾನ ಆಗಿಲ್ಲ. ಅವನು ಈಗಲೂ ದೀಪ ಹಚ್ಚಿಟ್ಟೇ ಮಲಗುತ್ತಾನೆ.

ಆ ಕಾರ್ಯಕ್ರಮದ ಕೊನೆಯ ಹಾಳೆಯಲ್ಲಿ ಅವನ ಹೆಸರಿನ ಮುಂದೆ 'ಅರ್ಧಕ್ಕೆ ಬಿಟ್ಟರು' ಅಂತ ಇದೆ. ಬರೆದವನು ನಾನೇ, ನನ್ನದೇ ಅಕ್ಷರ. ಅದನ್ನು ತಿದ್ದಲು ಬೇರೆ ಜಾಗ ಸಿಗದ್ದರಿಂದ ಇಲ್ಲಿ ಬರೆದಿದ್ದೇನೆ.